ಎದುರಂಗಡಿಯದೇ ಚೆನ್ನ

ನನ್ನ ಸೋದರಮಾವನ ಪಾದಗಳು ಸದಾ ಬಿಳಿಚಿಕೊಂಡು, ಬೆರಳ ಸಂದಿಯಲ್ಲಿ ಒಡೆದಿರುತ್ತಿದ್ದವು. ಊಟಿಯ ಚಳಿಯಲ್ಲಿ, ಐಸಿನ ಉಪ್ಪುನೀರು ಹರಿಯುವ ನೆಲದ ಮೇಲೆ ಬರಿಗಾಲಲ್ಲಿ ನಿಂತು ಐಸ್‌ಕ್ರೀಮ್ ಡಬ್ಬ ತಿರುಗಿಸುತ್ತಿದ್ದರು. ಬೂಟು ಕೊಡಿಸಿದೆ, ಅದನ್ನು ಬಾಗಿಲಾಚೆಯೇ ಬಿಟ್ಟರು. ನಮ್ಮ ಹಟ್ಟಿಯ ಮನೆಗಳಲ್ಲಿ ಹಾಲಿಡುವ ಒಳಕೋಣೆಗೆ ಮೆಟ್ಟು ಬಿಟ್ಟೇ ಹೋಗಬೇಕು. ಅಲ್ಲಿ ಸುಳ್ಳಾಡಬಾರದು ಎಂದೂ ಅಜ್ಜ ಅವರಿಗೆ ಹೇಳಿಕೊಟ್ಟಿದ್ದ. ಮಾವ ನಮ್ಮ ಅಂಗಡಿಯೂ ಹಾಲುಮನೆಯೇ ಎಂದು ತೀರ್ಮಾನಿಸಿಬಿಟ್ಟಿದ್ದರು.

ಬೂಟು ಬಿಟ್ಟದ್ದನ್ನು ಸಹಿಸಬಹುದು. ವ್ಯಾಪಾರದಲ್ಲಿ ಸುಳ್ಳು ಬಿಟ್ಟರೆ ಹೇಗೆ? ಎದುರು ಅಂಗಡಿಯವನದು ಕೆಂಪು ಬೋರ್ಡು, ನಮ್ಮದು ನೀಲಿ. ಮಾವ ಬೆಳಿಗ್ಗೆಯೇ ಎರಡೂ ಕಡೆಯದನ್ನು ರುಚಿ ನೋಡಿಟ್ಟುಕೊಳ್ಳುತ್ತಿದ್ದರು. ಯಾರದು ಚೆನ್ನ ಎಂದು ಗಿರಾಕಿ ಕೇಳಿದರೆ, "ಇಂದು ಎದುರು ಅಂಗಡಿದು" ಎಂದು ಕೈ ತೋರಿಸಿಬಿಡುತ್ತಿದ್ದರು. ರಸ್ತೆಗಿಳಿದರೆ ಮಾತ್ರ ಅದೇ ಬಾಯಿ ತನ್ನ ವಯಸ್ಸನ್ನು ಹತ್ತು ವರ್ಷ ಇಳಿಸಿ ಹೇಳುತ್ತಿತ್ತು!

ಒಂದು ಏಪ್ರಿಲಿನಲ್ಲಿ ಕ್ಲಬ್ಬಿನ ಬಟ್ಲರು ಇಡೀ ಸೀಸನ್ನಿನ ಆರ್ಡರು ಕೊಡಲು ಬಂದ. ಅದು ತಪ್ಪಿದರೆ ನಾವು ಅಂಗಡಿ ಮುಚ್ಚಬೇಕಿತ್ತು. "ಮಾಮ, ರಸ್ತೆಯಲ್ಲೇ ನಿಂತು ಮಾತಾಡಿ, ನಿಮ್ಮ ದಮ್ಮಯ್ಯ" ಎಂದು ಮೊದಲೇ ಬೇಡಿಕೊಂಡು, ಕುರ್ಚಿಯನ್ನೂ ಹೊರಗೇ ಹಾಕಿದ್ದೆ. "ಆತು" ಎಂದಿದ್ದರು. ಬಟ್ಲರು ಕೂತು ಚಮಚ ಎತ್ತಿದ, ಮಳೆ ಬಂತು. ಬಟ್ಟಲು ಹಿಡಿದು ಒಳಗೆ ಓಡಿದ. ಹಿಂದೆ ಬಂದ ಮಾವ ಹೊಸ್ತಿಲಲ್ಲಿ ಬೂಟು ಕಳಚತೊಡಗಿದರು.

"ಮಾಡಿದವರು ನೀವು. ನೀವೇ ಹೇಳಿ, ಹೇಗಿದೆ?" ಎಂದು ಬಟ್ಲರು ಮಾವನನ್ನೇ ಕೇಳಿದ.

"ಎಂಗ ಹಾಲು ಇಂದು ಹೊಗೆವಾಸನೆ, ಸಾಮಿ. ಅವಂದು ಒಳ್ಳಿತು."

ಆರ್ಡರು ಹೋಯಿತು. ಸೀಸನ್ನು ಮುಗಿಯುವಷ್ಟರಲ್ಲಿ ಎದುರಿನವನು ನಮ್ಮ ಅಂಗಡಿಯನ್ನು ನೀಲಿ ಬೋರ್ಡಿನ ಸಮೇತ ಕೊಂಡುಕೊಂಡ. ಬೋರ್ಡು ಎರಡನ್ನೂ ಉಳಿಸಿಕೊಂಡು, ಒಂದೇ ಡಬ್ಬದ ಮಾಲನ್ನು ಎರಡು ಕಡೆ ಮಾರಿದ. ಊರಿನವರು ಕೆಂಪು ಮೇಲೋ ನೀಲಿ ಮೇಲೋ ಎಂದು ಜಗಳಾಡುತ್ತಲೇ ಇದ್ದರು. ಅವನು ರುಚಿ ನೋಡುವ ಕೆಲಸಕ್ಕೆ ಇಟ್ಟುಕೊಂಡದ್ದು ಯಾರನ್ನು? ನನ್ನ ಮಾವನನ್ನೇ! ಗಿರಾಕಿಗಳು ಅವರ ಹತ್ತಿರ ಸುಳಿಯದಂತೆ ಒಳಬಾಗಿಲಿಗೆ ಅಗಳಿಯನ್ನೂ ಹಾಕಿಸಿದ. ಆ ಬುದ್ಧಿ ನನಗೆ ಹೊಳೆದಿರಲಿಲ್ಲ.

ಹಟಕ್ಕೆ ಬಿದ್ದು ನಾನು ಕೂನೂರಿನಲ್ಲಿ ಬೇರೆ ಅಂಗಡಿ ಇಟ್ಟೆ. ಮಾವ ಭಾನುವಾರ ತಪ್ಪದೆ ಬಂದು, ಒಂದು ಚಮಚ ಬಾಯಿಗಿಟ್ಟು, "ಇಲ್ಲೆ, ಇನ್ನೂ ಆಗಿಲ್ಲೆ" ಎನ್ನುತ್ತಿದ್ದರು. ಬೈಯುತ್ತಲೇ ಮತ್ತೆ ಕಾಸುತ್ತಿದ್ದೆ, ಮತ್ತೆ ತಿರುಗಿಸುತ್ತಿದ್ದೆ. ನನಗೆ ಈ ಕೆಲಸ ಕೈಹತ್ತಿದ್ದು ಹಾಗೆ.

ಹೋದ ಚಳಿಗಾಲದಲ್ಲಿ ಮಾವ ತೀರಿಕೊಂಡರು. ಈಗ ಯಾರ ಕೈಗೆ ಬಟ್ಟಲು ಕೊಟ್ಟರೂ "ಚೆನ್ನಾಗಿದೆ" ಎನ್ನುತ್ತಾರೆ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಚೆನ್ನಾಗಿಲ್ಲ ಎನ್ನಲು ನನಗಿದ್ದವರು ಅವರೊಬ್ಬರೇ.