ಎಲ್ಲಕ್ಕೂ ಆಗುವ ಲೆನ್ಸು

"ನೋಡ ಪ್ರಜ್ಞಾ, ಇದು ಬರೇ ಹುಳದ ಫೋಟೊ ತೆಗಿಯೋ ಲೆನ್ಸ್ ಅಲ್ಲ. ನಿಂಬಿಗಿಡದಾಗಿನ ಇರುವಿ ಕಣ್ಣೂ ತೋರಸ್ತೈತಿ, ಮದಲಗಿತ್ತಿ ಮಾರಿನೂ ಚಂದ ತೆಗಿತೈತಿ. ಅಂಗಡ್ಯಾವ ಬ್ಯಾರೆದೊಂದು ತೋರಿಸಿದ. ಅದರಾಗ ಇರುವಿ ಆನಿಯಷ್ಟು ಕಾಣ್ತೈತಿ, ಆದ್ರ ಮತ್ತೇನೂ ತೆಗಿಯಾಕ ಬರೂದಿಲ್ಲ. ನಾ ಒಲ್ಲೆ ಅಂದೆ. ಮನಿ ನಡೀಬೇಕಲ್ಲ? ಐತವಾರ ಒಂದಿನ ನನಗ ಬಿಡ, ತ್ವಾಟಕ್ಕ ಹೋಗ್ತೇನಿ."

ಇಂಡಿಯಲ್ಲಿ ಫೋಟೊ ಸ್ಟುಡಿಯೋ ಇಟ್ಟ ಗುರುನಾಥ ಹೋದ ವರ್ಷ ಹೆಂಡತಿಗೆ ಹೀಗೆ ಹೇಳಿದಾಗ ಅವಳು ನಕ್ಕಿದ್ದಳು: "ಇರುವಿ ಆಲ್ಬಂ ಮಾಡಸ್ತಾವೇನ್ರಿ?"

ಅವನು ಎಡವಿದ್ದು ಆ ಲೆನ್ಸಿನಲ್ಲಿ ತೆಗೆದ ಮೊದಲ ಮದುವೆಯಲ್ಲೇ. ಸಿಂದಗಿಯ ಮದುಮಗಳ ಕಾಲುಂಗುರವನ್ನು, ಮೆಹಂದಿಯ ಎಳೆ ಎಳೆಯನ್ನು, ಹುಬ್ಬಿಗಂಟಿದ ಒಂದು ಅಕ್ಕಿಕಾಳನ್ನು ಇರುವೆಯ ಫೋಟೊ ತೆಗೆಯುವಷ್ಟೇ ಪ್ರೀತಿಯಿಂದ ತೆಗೆದುಕೊಟ್ಟ. ಆ ಫೋಟೊಗಳು ಬೀಗರ ಮೊಬೈಲುಗಳಲ್ಲಿ ಊರೂರು ತಿರುಗಿದವು. ಮುದ್ದೇಬಿಹಾಳದವರು ಬಂದರು, ಬಾಗೇವಾಡಿಯವರು ಬಂದರು. ಮದುವೆ ಮುಗಿದರೆ ಬಸುರಿಯ ಕುಬಸ, ಕುಬಸ ಮುಗಿದರೆ ತೊಟ್ಟಿಲು.

"ಕಾಲುಂಗುರದ ಫೋಟೊ ತೆಗಿಯೋರು ನೀವೇ ಅಲ್ರಿ?"

ಮನೆ ಬಾಗಿಲಿಗೆ ಬಂದವರಿಗೆ ಇಲ್ಲ ಎನ್ನಲು ಅವನಿಗೆ ನಾಲಿಗೆ ಏಳುತ್ತಿರಲಿಲ್ಲ. ನಿಂಬೆತೋಟ ಹೂಬಿಟ್ಟು ಕಾಯಾಯಿತು. ಅವನು ಒಂದು ಇರುವೆಯ ಮುಖವನ್ನೂ ಕಾಣಲಿಲ್ಲ.

ಈ ಐತವಾರ ಪ್ರಜ್ಞಾಳೇ ಕೇಳಿದಳು: "ಇವತ್ತರ ತ್ವಾಟಕ್ಕ ಹೋಗಬಾರದೇನ್ರಿ?"

"ದೇವಣಗಾಂವದಾಗ ಕುಬಸ ಐತಿ. ಆ ಇನ್ನೊಂದು ಲೆನ್ಸೇ ತರಬೇಕಿತ್ತ ನೋಡ. ಅದನ್ನ ಯಾರೂ ಮದುವಿಗೆ ಕರೀತಿದ್ದಿಲ್ಲ."

ಆಮೇಲೆ ಕಟ್ಟೆಯ ಮೇಲೆ ಕೂತು, ನಿನ್ನೆಯ ಮದುವೆಯಲ್ಲಿ ಲೆನ್ಸಿನ ಅಂಚಿಗೆ ಹತ್ತಿದ ಅರಿಷಿಣವನ್ನು ಎಂದಿನಂತೆ ಮೆತ್ತನೆ ಬಟ್ಟೆಯಿಂದ ಒರೆಸತೊಡಗಿದ.