ಲಿಫ್ಟಿಗೆ ಎರಡನೆಯ ಬ್ರೇಕು

ಹೊಟ್ಟೆಕಿಚ್ಚು ನನಗೆ ಹೊಸದಲ್ಲ. ಪಕ್ಕದ ಮನೆಯವರ ಬೋರ್‌ವೆಲ್ಲಿನಲ್ಲಿ ನೀರು ಬಿದ್ದರೂ ಎರಡು ದಿನ ನನಗೆ ಊಟ ಸೇರುವುದಿಲ್ಲ. ಆದರೆ ಬಾಗಲೂರಿನವನೊಬ್ಬನ ಮೇಲೆ ನಾನು ಪಟ್ಟ ಹೊಟ್ಟೆಕಿಚ್ಚಿನ ಮುಂದೆ ಅದೆಲ್ಲ ಏನೂ ಅಲ್ಲ.

ನಾವಿಬ್ಬರೂ ತಮಿಳುನಾಡಿನ ಗಡಿಯಲ್ಲಿರುವ ಹೊಸೂರಿನ ಒಂದು ಸಣ್ಣ ಲಿಫ್ಟ್ ಕಂಪನಿಯಲ್ಲಿ ಮೆಕ್ಯಾನಿಕ್‌ಗಳು. ನಾನು ಕೋಲಾರದ ಕಡೆಯಿಂದ ಬಂದು ಇಪ್ಪತ್ತು ವರ್ಷ ದಾಟಿತ್ತು. ಅವನು ಸೇರಿ ಐದು ವರ್ಷ, ಮೊದಲ ದಿನ ಅವನ ಕೈಗೆ ಸ್ಪ್ಯಾನರ್ ಕೊಟ್ಟವನೇ ನಾನು. ಆದರೆ ಅವನು ತಮಿಳಿನಲ್ಲಿ ಓದಿದವನು. ಮನೆಯಲ್ಲಿ ಕನ್ನಡ, ಅತ್ತೆಮನೆಯಲ್ಲಿ ತೆಲುಗು, ಆಫೀಸಿನಲ್ಲಿ ತಮಿಳು. ಎಲ್ಲಿ ಹೋದರೂ ಜನರನ್ನು ನಗಿಸುತ್ತಿದ್ದ. ನಾನು ತಮಿಳಿನಲ್ಲಿ ಬಾಯಿ ತೆರೆದರೂ ಜನ ನಗುತ್ತಿದ್ದರು, ಆದರೆ ಅದು ಬೇರೆ ನಗು.

ಆಗಿನ ಲಿಫ್ಟುಗಳಿಗೆ ಒಂದೇ ಬ್ರೇಕು. ಹೊಸ ನಿಯಮ ಬಂದಮೇಲೆ ಎರಡು ಬೇಕಾಯಿತು. ಒಂದು ಕೈಕೊಟ್ಟರೂ ಇನ್ನೊಂದು ಒಂಟಿಯಾಗಿ ಪೂರ್ತಿ ಭಾರ ಹಿಡಿದು ನಿಲ್ಲಬೇಕು. ಮೂಕಂಡಪಲ್ಲಿಯ ಐದಂತಸ್ತಿನ ಅಪಾರ್ಟ್‌ಮೆಂಟೊಂದರಲ್ಲಿ ನಮ್ಮ ಮೊದಲ ಕೆಲಸ. ಯಂತ್ರದ ಎರಡು ತುದಿಗೂ ಒಂದೊಂದು ಉಕ್ಕಿನ ತಟ್ಟೆ, ಅದನ್ನು ಹಿಡಿದು ನಿಲ್ಲಿಸಲು ಒಂದೊಂದು ಬ್ರೇಕು. ಎಡಗಡೆಯದು ನನಗೆ, ಬಲಗಡೆಯದು ಅವನಿಗೆ ಎಂದರು ನಮ್ಮ ಮಾಲೀಕರು. ಕೃಷ್ಣಗಿರಿವರೆಗೂ ಇರುವ ನಮ್ಮ ಲಿಫ್ಟುಗಳಿಗೆಲ್ಲ ಈ ಕೆಲಸ ಮಾಡಿಸಲು ಒಬ್ಬ ಮೇಸ್ತ್ರಿ ಬೇಕು, ಪರೀಕ್ಷೆ ಆದಮೇಲೆ ಯಾರೆಂದು ಹೇಳುತ್ತೇನೆ ಎಂದರು. ಆ ಜಾಗ ನನ್ನದೇ ಎಂದು ನಾನು ಹೆಂಡತಿಗೆ ಅದಾಗಲೇ ಹೇಳಿಬಿಟ್ಟಿದ್ದೆ.

ಮೂರು ದಿನ ಆ ಇಕ್ಕಟ್ಟಾದ ಯಂತ್ರದ ಕೋಣೆಯಲ್ಲಿ ಬೆನ್ನಿಗೆ ಬೆನ್ನು ತಾಗಿಸಿಕೊಂಡು ದುಡಿದೆವು. ಮೂರನೇ ಮಹಡಿಯ ಅಜ್ಜಿಯೊಬ್ಬರು ದಿನವೂ ಕಾಫಿ ಕಳಿಸುತ್ತಿದ್ದರು. ಲೋಟ ಎರಡಿದ್ದರೂ ಅವರು ಕೇಳುತ್ತಿದ್ದದ್ದು ಅವನನ್ನೇ. ಅವನ ಬ್ರೇಕು ಕೈಕೊಡಲಿ ಎಂದು ನಾನು ಮನಸಾರೆ ಬೇಡಿಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬೇಡಿಕೊಂಡದ್ದು ನಿಜ.

ಪರೀಕ್ಷೆಯ ದಿನ ಬೆಳಿಗ್ಗೆ ಅವನು ಲಿಫ್ಟಿಗೆ ಮರಳಿನ ಮೂಟೆ ತುಂಬಿಸಲು ಕೆಳಗೆ ಹೋದ. ನಾನೊಬ್ಬನೇ ಇದ್ದೆ. ಹೊಸ ಬ್ರೇಕು ಕಟ್ಟಿದಾಗಲೆಲ್ಲ ಅದಕ್ಕೆ ಕುಂಕುಮ ಇಡುವುದು ನನ್ನ ಪದ್ಧತಿ. ಉದುರದಿರಲಿ ಎಂದು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ನನ್ನ ತಟ್ಟೆಗೆ ದಪ್ಪವಾಗಿ ಇಟ್ಟು ಕೈಮುಗಿದೆ. ಅವನ ತಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ. ದೇವರು ಕಾಪಾಡುವುದಾದರೆ ನನ್ನದೊಂದನ್ನೇ ಕಾಪಾಡಲಿ.

ಲಿಫ್ಟು ಪರೀಕ್ಷಿಸುವ ಸರ್ಕಾರಿ ಇನ್ಸ್‌ಪೆಕ್ಟರು ಬಂದರು, ಜೊತೆಗೆ ಮಾಲೀಕರೂ ಬಂದರು. ಒಳಗೆ ಜನರಿಲ್ಲದೆ ಬರೀ ಮೂಟೆ ಹೊತ್ತ ಲಿಫ್ಟನ್ನು ಮೇಲೆ ಕೆಳಗೆ ಓಡಿಸಿದರು. ಆಮೇಲೆ ನನ್ನ ಬ್ರೇಕನ್ನು ಸನ್ನೆಕೋಲಿನಿಂದ ತೆರೆದು ಹಿಡಿಸಿದರು. ಅವನದು ಒಂದು ಕೂದಲಿನಷ್ಟೂ ಅಲುಗಲಿಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು. ಅನಂತರ ಅವನದನ್ನು ಅವನ ಕೈಯಲ್ಲೇ ತೆರೆಸಿದರು. ನನ್ನ ತಟ್ಟೆ ಮೆಲ್ಲಗೆ ತಿರುಗತೊಡಗಿತು, ಲಿಫ್ಟು ಜಾರುತ್ತಿತ್ತು. ಅವನು ಚಟ್ಟನೆ ಸನ್ನೆಕೋಲು ಬಿಟ್ಟು ಅದನ್ನು ನಿಲ್ಲಿಸಿದ.

ತಟ್ಟೆಯನ್ನು ಬಟ್ಟೆಯಿಂದ ಒರೆಸಿದಾಗ ಬಟ್ಟೆ ಕೆಂಪಾಯಿತು. ಹಳೆಯ ಬ್ರೇಕು ಗಾಲಿಯ ಅಂಚನ್ನು ಹಿಡಿಯುತ್ತಿತ್ತು, ಮುಖಕ್ಕೆ ಕುಂಕುಮ ಇಟ್ಟರೂ ಅಡ್ಡಿಯಿರಲಿಲ್ಲ. ಹೊಸದು ಹಿಡಿಯುವುದೇ ತಟ್ಟೆಯ ಮುಖವನ್ನು. ಇಪ್ಪತ್ತು ವರ್ಷದ ಮೆಕ್ಯಾನಿಕ್ ನಾನೇ ನನ್ನ ಬ್ರೇಕಿಗೆ ಎಣ್ಣೆ ಹಚ್ಚಿದ್ದೆ.

ಮಾಲೀಕರ ಮುಖ ಗಂಟಿಕ್ಕಿತು. ಅಷ್ಟರಲ್ಲಿ ಅವನು ಇನ್ಸ್‌ಪೆಕ್ಟರಿಗೆ ತಮಿಳಿನಲ್ಲಿ, ನಮ್ಮಣ್ಣನಿಗೆ ಭಕ್ತಿ ಸ್ವಲ್ಪ ಜಾಸ್ತಿ, ದೇವರ ಮೂರ್ತಿಗೂ ಬ್ರೇಕಿಗೂ ವ್ಯತ್ಯಾಸ ಮಾಡುವುದಿಲ್ಲ ಎಂದ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ತಟ್ಟೆ ತೊಳೆದು, ಎಣ್ಣೆ ಕುಡಿದಿದ್ದ ಪ್ಯಾಡುಗಳನ್ನು ಬದಲಿಸಿ ಕೊಟ್ಟರೆ ಮತ್ತೆ ಪರೀಕ್ಷೆ ಮಾಡಲು ಒಪ್ಪಿದರು. ಎರಡನೆಯ ಸಲ ನನ್ನದೂ ಹಿಡಿಯಿತು. ನನ್ನ ಮಾನ ಉಳಿಸಿದ್ದೂ ಅವನೇ ಎಂದು ಇನ್ನಷ್ಟು ಹೊಟ್ಟೆ ಉರಿಯಿತು. ಮೇಸ್ತ್ರಿ ಅವನೇ ಎಂದು ಮಾಲೀಕರು ಅಲ್ಲೇ ಹೇಳಿಬಿಟ್ಟರು.

ಎಲ್ಲರೂ ಇಳಿದುಹೋದ ಮೇಲೆ ಅವನು ಸಾಮಾನು ಜೋಡಿಸುತ್ತ ನನ್ನ ಪಕ್ಕ ಕೂತ. ಈಗ ನಗುತ್ತಿರಲಿಲ್ಲ.

"ಅಣ್ಣಾ, ಒಂದ್ ಕೇಳ್ತೀನಿ. ನನ್ ಕಡೆ ತಟ್ಟೇಗ್ ಯಾಕ್ ಇಕ್ಲಿಲ್ಲ? ನಂದೂ ಅದೇ ಲಿಫ್ಟ್ ಅಲ್ವಾ ಹಿಡ್ಕೊಳ್ಳೋದು?"

"ಕುಂಕ್ಮ ಮುಗ್ದೋಗಿತ್ತು ಕಣ್ಲಾ," ಎಂದೆ.

ಅವನ ಕಣ್ಣು ನನ್ನ ಅಂಗಿಯ ಜೇಬಿನ ಮೇಲೆ ಹೋಯಿತು. ಮುಕ್ಕಾಲು ತುಂಬಿದ್ದ ಪೊಟ್ಟಣ ಅಲ್ಲಿಂದ ಇಣುಕುತ್ತಿತ್ತು.

"ಆಗ್ಲಿ ಬುಡಣ್ಣಾ," ಎಂದ. ನನ್ನ ಚೀಲವನ್ನೂ ತಾನೇ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದುಹೋದ.