ರೇಡಿಯೋದಲ್ಲಿ ಬಂದ ನನ್ನ ಕೆಮ್ಮು

ಹೋದ ಮಂಗಳವಾರ ನನ್ನ ಕೆಮ್ಮು ರೇಡಿಯೋದಲ್ಲಿ ಬಂತು.

ನಾನು ಹೋಗಿ ಅಲ್ಲಿ ಕೆಮ್ಮಲಿಲ್ಲ. ಕೆಮ್ಮಿನ ಸುದ್ದಿ ಬಂತು. ಅದೂ ಮಿಲ್ಲಿನ ತುಂಬ ಗಿರಾಕಿಗಳು ರಾಗಿ ಚೀಲದ ಮೇಲೆ ಕೂತಿದ್ದ ಹೊತ್ತಿನಲ್ಲಿ!

ನಂಜನಗೂಡಿನ ನನ್ನ ಹಿಟ್ಟಿನ ಮಿಲ್ಲಿಗೆ ಬಂದವರಿಗೆಲ್ಲ ಗೊತ್ತು. ಬೆಳಿಗ್ಗೆ ಹನ್ನೊಂದಕ್ಕೆ ಮೋಟಾರು ಆಫ್, ರೇಡಿಯೋ ಆನ್. ಮಂಗಳವಾರ ಡಾಕ್ಟರು, ಗುರುವಾರ ಲಾಯರು. ಜನ ಫೋನು ಮಾಡಿ ಕೇಳುತ್ತಾರೆ, ಅವರು ಉತ್ತರ ಹೇಳುತ್ತಾರೆ. (ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಶುಗರು, ಬಿಪಿ, ಜಮೀನಿನ ಪೌತಿ ಖಾತೆ, ಪೋಡಿ, ಎಲ್ಲ ಕಲಿತದ್ದು ಈ ಡಬ್ಬದಿಂದ. ಫೀಸಿಲ್ಲ, ಬೆತ್ತದೇಟಿಲ್ಲ.)

ಫೋನು ಮಾಡುವವರದ್ದೇ ಒಂದು ಮಜಾ. ಯಾರೂ 'ನನಗೆ ಮೂಲವ್ಯಾಧಿ' ಅನ್ನುವುದಿಲ್ಲ. 'ನಮಗೆ ಬೇಕಾದವರೊಬ್ಬರಿಗೆ' ಅನ್ನುತ್ತಾರೆ. ಆ ಬೇಕಾದವರು ಕೂರಲಾರದೆ ನಿಂತೇ ಮಾತಾಡುತ್ತಿದ್ದಾರೆ ಅಂತ ನಮಗೆ ಗೊತ್ತಾಗುವುದಿಲ್ಲವೇ?

ಅವತ್ತು ಒಂದು ಹೆಂಗಸಿನ ದನಿ ಬಂತು. 'ನಮಸ್ಕಾರ ಸಾ. ಹೆಮ್ಮಿಗೆಯಿಂದ ಮಾತಾಡ್ತಾ ಇವ್ನಿ.'

ನನ್ನ ಕೈಯಲ್ಲಿದ್ದ ಟೀ ಲೋಟ ಬಾಯಿಗೆ ಬರಲಿಲ್ಲ. ಅದು ನನ್ನ ಹೆಂಡತಿ.

ಅವಳು ತವರಿಗೆ ಹೋಗಿ ಮೂರು ತಿಂಗಳಾಗುತ್ತಾ ಬಂತು. ಅವಳ ಅವ್ವ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡರು. 'ಅವ್ವ ಎದ್ದು ಕೂರ್ಲಿ, ಬತ್ತೀನಿ' ಅಂದಳು. ನಾನು 'ಆಯ್ತು, ಇರು' ಅಂದೆ. ಗಂಡಸು, ಅದಕ್ಕಿಂತ ಹೆಚ್ಚಿಗೆ ಏನು ಹೇಳಲಿ? ನಡುವೆ ಒಂದು ಸಲ ಹಿಟ್ಟಿನ ಚೀಲದ ನೆಪ ಹೂಡಿ ಹೋಗಿದ್ದೆ. ಜಗಲಿಯ ಮೇಲೆ ಬಾಮೈದನ ಜೊತೆ ಕಬ್ಬಿನ ರೇಟು ಮಾತಾಡಿ ಎದ್ದುಬಂದೆ. ಅವಳು ಬಾಗಿಲಿಂದ ಕಾಫಿ ಕೊಟ್ಟು ಒಳಗೆ ಹೋದಳು. ಅಷ್ಟೇ.

ರೇಡಿಯೋದವರು ಕೇಳಿದರು, 'ಪೇಷಂಟ್ ಹೆಸರೇನಮ್ಮ?'

'ನಮ್ಮನೆಯವ್ರು ಸಾ.'

'ಹೆಸರು ಹೇಳಿ.'

'ಅದೆಂಗೆ ಸಾ ಏಳದು? ನಂಜನಗೂಡು ಗುಡೀಲಿ ಅವ್ನಲ್ಲ, ವಿಷ ಕುಡ್ದ ದೇವ್ರು, ಅವನೆಸ್ರೇಯಾ.'

ಮಿಲ್ಲಿನಲ್ಲಿದ್ದ ಅಷ್ಟೂ ತಲೆಗಳು ನನ್ನ ಕಡೆ ತಿರುಗಿದವು.

ನಮ್ಮ ಕಡೆ ಗಂಡನ ಹೆಸರು ಹೇಳುವ ಪದ್ಧತಿಯಿಲ್ಲ. ಮದುವೆ ದಿನ ನೆಂಟರೆಲ್ಲ ಬಾಗಿಲಿಗೆ ಅಡ್ಡ ನಿಂತು ಹೇಳಿಸಿದ್ದೇ ಮೊದಲು, ಅದೇ ಕೊನೆ. ರೇಷನ್ ಅಂಗಡಿಯಲ್ಲೂ ಅವಳು ದೇವಸ್ಥಾನದ ಗೋಪುರ ತೋರಿಸಿ ಅಕ್ಕಿ ತಂದವಳು. ಹೋಗಲಿ, ನಾನಾದರೂ ಅವಳ ಹೆಸರು ಹಿಡಿದು ಕರೆದಿದ್ದೇನೆಯೇ? 'ಇವ್ಳೇ' ಅನ್ನುತ್ತಿದ್ದೆ. ಬರುತ್ತಿದ್ದಳು.

'ಅವ್ರಿಗೆ ಎರಡ್ ತಿಂಗ್ಳಿಂದ ಕೆಮ್ಮು ಸಾ. ಹಿಟ್ಟಿನ ಧೂಳು. ನಾನಿದ್ದಾಗ ಮೂಗಿಗೆ ಒದ್ದೆ ಬಟ್ಟೆ ಕಟ್ಟಿ ಕಳಿಸ್ತಿದ್ದೆ. ಈಗ ಕಟ್ಕೊಳಲ್ಲ.'

ಡಾಕ್ಟರು ಕೇಳಿದರು, 'ನೀವು ಹೆಮ್ಮಿಗೇಲಿದ್ದೀರಿ. ಕೆಮ್ಮೋದು ನಿಮಗೆ ಹೇಗಮ್ಮ ಗೊತ್ತು?'

'ಫೋನಲ್ಲಿ ಮಾತಾಡ್ತಾ ಮಾತಾಡ್ತಾ ಫೋನ್ ದೂರ ಇಟ್ಬುಡ್ತಾರೆ. ಸದ್ದೇ ಇರಲ್ಲ. ಆಮೇಲೆ ಬಂದು "ಊಂ, ಏಳು" ಅಂತಾರೆ. ಗಂಟ್ಲು ಒಡ್ದೋಗಿರ್ತದೆ ಸಾ.'

(ನಾನು ಭಾರಿ ಜಾಣ ಅಂದುಕೊಂಡಿದ್ದೆ.)

'ಧೂಳಿನ ಕೆಲಸ, ಇಷ್ಟು ದಿನದ ಕೆಮ್ಮು. ಅಸಡ್ಡೆ ಮಾಡಬಾರದು. ಆಸ್ಪತ್ರೆಗೆ ಕರ್ಕೊಂಡು ಹೋಗಿ ಎಕ್ಸ್‌ರೇ ತೆಗೆಸಿ.'

'ನಾನೇಳಿದ್ರೆ ಕೇಳಲ್ಲ ಸಾ. ನೀವೇ ಒಂದ್ಸಲ ಗಟ್ಟಿಯಾಗಿ ಏಳಿ. ಈಗ ಮಿಲ್ ನಿಲ್ಸಿ ಕೇಳ್ತಾ ಕೂತಿರ್ತಾರೆ.'

ಡಾಕ್ಟರು ನಕ್ಕರು. ಆಮೇಲೆ ನಿಜವಾಗಿಯೂ ಗಟ್ಟಿಯಾಗಿ ಹೇಳಿದರು. 'ನಂಜುಂಡಸ್ವಾಮಿಯವರೇ, ನಾಳೆಯೇ ಹೋಗಿ.'

ತಾಂಡವಪುರದ ಪುಟ್ಟಸ್ವಾಮಿ ಚೀಲದ ಮೇಲಿಂದ ಉರುಳಿ ಬೀಳುವಷ್ಟು ನಕ್ಕ. 'ಲೇ ನಂಜುಂಡಾ, ನಿನ್ ಕೆಮ್ಮು ಜಿಲ್ಲೆಗೆಲ್ಲ ಗೊತ್ತಾಯ್ತು ಕಣ್ಲಾ. ಓಗ್ಲಾ, ಇಲ್ದಿದ್ರೆ ನಾಳಿದ್ದು ಲಾಯರ್ ತಾವ ಏಳ್ತಾಳೆ ತಂಗ್ಯವ್ವ!'

ಬುಧವಾರ ಹೋದೆ. ಎಕ್ಸ್‌ರೇ ಆಯಿತು. ಹೆದರುವಂಥದ್ದೇನಿಲ್ಲ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಅಂದರು. ಮನೆಗೆ ಬಂದು ಚಪ್ಪಲಿ ಬಿಡುತ್ತಾ 'ಏನಿಲ್ವಂತೆ ಕಣೇ' ಅಂದೆ. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ.

ಊರಿಗೆಲ್ಲ ನುಣ್ಣಗೆ ಹಿಟ್ಟು ಮಾಡಿಕೊಡುವ ನನ್ನ ತಟ್ಟೆಯ ಮುದ್ದೆಯಲ್ಲಿ ಬರೀ ಗಂಟು. ಬೆಳಿಗ್ಗೆ ಟವೆಲು ಒದ್ದೆ ಮಾಡಿ ಕಟ್ಟಿಕೊಂಡರೆ ತಲೆ ಹಿಂದಿನ ಗಂಟು ಮಾತ್ರ ನಿಲ್ಲುವುದಿಲ್ಲ. ಎರಡು ಚೀಲ ಬೀಸುವಷ್ಟರಲ್ಲಿ ಕೊರಳಿಗೆ ಇಳಿದಿರುತ್ತದೆ. ಅವಳು ಅದನ್ನು ಹೇಗೆ ಕಟ್ಟುತ್ತಿದ್ದಳೋ. ಬೆನ್ನಿಗೆ ಕಣ್ಣಿದ್ದರೆ ತಾನೇ ನಾನು ನೋಡುವುದು?

ಗುರುವಾರ ಹನ್ನೊಂದಕ್ಕೆ ಗಿರಾಕಿಗಳನ್ನು ಬಿಟ್ಟು ಮಿಲ್ಲಿನ ಹಿಂದಕ್ಕೆ ಹೋಗಿ ರೇಡಿಯೋದ ಲಾಯರಿಗೆ ಫೋನು ಮಾಡಿದೆ. ಸಿಕ್ಕೇಬಿಟ್ಟಿತು!

'ಸಾರ್, ತವರಿಗೆ ಹೋದ ಹೆಂಡ್ತಿನ ಕರೆಸ್ಕೊಳೋಕೆ ಕಾನೂನು ಐತಾ?'

'ಇದೆ. ಜಗಳ ಆಗಿತ್ತಾ?'

'ಇಲ್ಲ ಸಾರ್.'

'ಕುಡೀತೀರಾ? ಹೊಡೆದ್ರಾ?'

'ಅಯ್ಯೋ, ಉಂಟೇ ಸಾರ್! ಅವರವ್ವ ಜಾರಿಬಿದ್ರು. ನೋಡ್ಕೊಳೋಕೆ ಹೋಗವ್ಳೆ.'

ಲಾಯರು ಹೇಳಿದರು, 'ಸ್ವಾಮಿ, ಅದಕ್ಕೆಲ್ಲ ಯಾವ ಕೋರ್ಟೂ ಆರ್ಡರ್ ಕೊಡಲ್ಲ. ಬೇಜಾರಾಗಿದ್ರೆ ಅವರಿಗೇ ಹೇಳಿ. ಏನು ಅವರ ಹೆಸರು?'

ಹಿಂದೆ ತಿರುಗಿ ನೋಡಿದೆ. ಪುಣ್ಯಕ್ಕೆ ಯಾರೂ ಇರಲಿಲ್ಲ. (ರೇಡಿಯೋ ಮುಂದೆ ಅಷ್ಟೂ ಜನ ಕೂತಿದ್ದಾರೆ ಅನ್ನುವುದು ಆಗ ಹೊಳೆಯಲಿಲ್ಲ.)

'ಚಿಕ್ಕತಾಯಮ್ಮ' ಅಂದೆ. ಯಾಕೋ ಅಷ್ಟಕ್ಕೆ ಬಿಡಲಾಗಲಿಲ್ಲ. 'ಚಿಕ್ಕತಾಯಿ' ಅಂತ ಇನ್ನೊಂದು ಸಲ ಅಂದೆ.

ಸಂಜೆ ಅವಳ ಫೋನು ಬಂತು.

'ಎಕ್ಸ್‌ರೇ ತೆಗಿಸಿದ್ರಾ?'

'ಊಂ. ಏನಿಲ್ವಂತೆ.'

'ಬಟ್ಟೆ?'

'ಕಟ್ಕೊಂಡೆ. ಗಂಟು ನಿಲ್ತಿಲ್ಲ.' ಆಮೇಲೆ ಧೈರ್ಯ ಮಾಡಿ ಕೇಳಿದೆ, 'ಇವತ್ತು ರೇಡಿಯೋ ಕೇಳಿದ್ಯಾ?'

ಆ ಕಡೆಯಿಂದ ಸದ್ದೇ ಇಲ್ಲ. ಫೋನು ದೂರ ಇಟ್ಟಿದ್ದಳು. ಬಹಳ ಹೊತ್ತಾದ ಮೇಲೆ ಬಂದು 'ಊಂ, ಏಳಿ' ಅಂದಳು. ಗಂಟಲು ಒಡೆದಿತ್ತು.

ಅವಳಿಗೆ ಕೆಮ್ಮೇನೂ ಇಲ್ಲವಲ್ಲ?